ಬೆರಕೆ ಕಲ್ಲಿದ್ದಲಿನಿಂದ ಒಳ್ಳೆ ಕೋಕ್ ಆಗುತ್ತದೆ, ಬೂದಿಯ ಲೆಕ್ಕದಿಂದ ಮಾತ್ರ ತಪ್ಪಿಸಿಕೊಳ್ಳೋಕಾಗಲ್ಲ

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜತೆಗೆ ತುಮಕೂರು, ಚಿತ್ರದುರ್ಗದ ಗಣಿಗಳನ್ನೂ ನಿಲ್ಲಿಸಿದಾಗ ಅದಿರಿನ ವಿಚಾರ ಟೀ ಅಂಗಡಿಯವರೆಗೂ ಬಂದಿತ್ತು. ಆದರೆ ಅದಿರು ಕಬ್ಬಿಣವಾಗಬೇಕಾದರೆ ಕೋಕ್ ಬೇಕು, ಅಂದರೆ ಕಲ್ಲಿದ್ದಲನ್ನು ಗಾಳಿ ಆಡದಂತೆ ಕಾಯಿಸಿ ಮಾಡಿದ ಗಟ್ಟಿ ಇಂಗಾಲ. ಅದರ ಬಗ್ಗೆ ನಮ್ಮ ಕಡೆ ಮಾತೇ ಕಮ್ಮಿ. ಯಾಕೆಂದರೆ ಅದು ನಮ್ಮ ನೆಲದ್ದಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳೇ ಇಲ್ಲ. ದೇಶದಲ್ಲಿ ಕಲ್ಲಿದ್ದಲು ಬೇಕಾದಷ್ಟಿದೆ, ಆದರೆ ಕೋಕ್ ಆಗುವಂಥ ಒಳ್ಳೆ ಕಲ್ಲಿದ್ದಲು ಸಾಲದು. ಹಾಗಾಗಿ ಬೇಕಾದದ್ದರಲ್ಲಿ ಹೆಚ್ಚುಕಮ್ಮಿ ಶೇ. 85ರಿಂದ 90ರಷ್ಟು ಹಡಗಿನಲ್ಲಿ ಬರುತ್ತದೆ. ಮುಖ್ಯವಾಗಿ ಆಸ್ಟ್ರೇಲಿಯಾದಿಂದ, ಈಚೆಗೆ ರಷ್ಯಾ, ಅಮೆರಿಕ, ಮೊಜಾಂಬಿಕ್‌ನಿಂದಲೂ.

ಅದರ ಬೆಲೆ ಹೇಗೆ ಏರುತ್ತದೆ ಅನ್ನೋದಕ್ಕೆ 2022ರ ಮಾರ್ಚ್ ನೆನಪಿಸಿಕೊಂಡರೆ ಸಾಕು. ಉಕ್ರೇನ್ ಯುದ್ಧ ಶುರುವಾದ ಮೇಲೆ ಒಂದನೇ ದರ್ಜೆಯ ಆಸ್ಟ್ರೇಲಿಯಾ ಕೋಕಿಂಗ್ ಕಲ್ಲಿದ್ದಲು ಟನ್ನಿಗೆ 600 ಡಾಲರ್ ದಾಟಿತ್ತು. ಅಂಥ ಹೊತ್ತಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಕೆಳದರ್ಜೆಯ, ಅಗ್ಗದ ಕಲ್ಲಿದ್ದಲನ್ನು ಒಂದಿಷ್ಟು ಬೆರೆಸಿ ಒಳ್ಳೆ ಕೋಕ್ ಮಾಡೋಕಾಗಲ್ವಾ?

ಆಗುತ್ತದೆ. ಪ್ರಪಂಚದಲ್ಲೆಲ್ಲ ಹಾಗೇ ಮಾಡುತ್ತಾರೆ. ಒಂದೇ ಗಣಿಯ ಕಲ್ಲಿದ್ದಲಿನಿಂದ ಕೋಕ್ ಮಾಡುವ ದೊಡ್ಡ ಕಾರ್ಖಾನೆ ಇವತ್ತು ಸಿಗೋದು ಕಷ್ಟ. ಆದರೆ ಬೆರೆಸುವುದರಿಂದ ಸರಿಹೋಗುವ ದೋಷ ಬೇರೆ, ಸರಿಹೋಗದ ದೋಷ ಬೇರೆ. ಈ ಎರಡನ್ನೂ ಕಲಸಿಬಿಡುವುದರಿಂದಲೇ ನಮ್ಮ ದೇಶದ ಕೋಕ್ ಚರ್ಚೆ ಅರ್ಧ ದಾರಿ ತಪ್ಪುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಕೋಕ್ ಏನು ಕೆಲಸ ಮಾಡುತ್ತದೆ ನೋಡೋಣ. ಅದಿರು ಕರಗಿಸುವ ಎತ್ತರದ ಕುಲುಮೆಯಾದ ಬ್ಲಾಸ್ಟ್ ಫರ್ನೇಸಿನಲ್ಲಿ ಅದು ಉರಿದು ಶಾಖ ಕೊಡುತ್ತದೆ. ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅದಿರಿನ ಆಮ್ಲಜನಕವನ್ನು ಎಳೆದುಕೊಂಡು ಕಬ್ಬಿಣ ಬಿಡಿಸುತ್ತದೆ. ಇವೆರಡು ಸ್ಕೂಲ್ ಪುಸ್ತಕದಲ್ಲೇ ಇವೆ. ಮೂರನೆಯದು ಅಷ್ಟಾಗಿ ಯಾರೂ ಹೇಳಲ್ಲ, ಆದರೆ ಎಲ್ಲ ತಲೆನೋವೂ ಅಲ್ಲೇ ಇದೆ. ಫರ್ನೇಸಿನ ಕೆಳಭಾಗದಲ್ಲಿ ಅದಿರು, ಸುಣ್ಣಕಲ್ಲು ಎಲ್ಲ ಕರಗಿ ನೀರಾಗಿರುತ್ತವೆ. ಅಲ್ಲಿ ಗಟ್ಟಿಯಾಗಿ ಉಳಿದಿರುವುದು ಕೋಕ್ ಒಂದೇ. ಮೇಲಿನ ಇಡೀ ರಾಶಿಯ ಭಾರ ಹೊರಬೇಕು, ಕೆಳಗಿನಿಂದ ಬರುವ ಬಿಸಿಗಾಳಿಗೆ ದಾರಿ ಬಿಡಬೇಕು, ಕರಗಿದ ಕಬ್ಬಿಣ ಸಂದುಗಳಲ್ಲಿ ಇಳಿದುಹೋಗಲು ಜಾಗ ಕೊಡಬೇಕು. ಕೋಕ್ ಪುಡಿಯಾಯಿತೋ, ಗಾಳಿಯ ದಾರಿ ಕಟ್ಟಿಕೊಳ್ಳುತ್ತದೆ. ಫರ್ನೇಸ್ ಹದ ತಪ್ಪುತ್ತದೆ.

ಇದನ್ನು ನಮ್ಮವರು ನೂರು ವರ್ಷದ ಹಿಂದೆಯೇ ಕಂಡಿದ್ದಾರೆ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮುಂದೆ ನಿಂತು ಕಟ್ಟಿಸಿದ ಭದ್ರಾವತಿ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಬಂತು. ಕಲ್ಲಿದ್ದಲು ಇಲ್ಲದ ಸೀಮೆ, ಮಲೆನಾಡಿನ ಮರದಿಂದ ಮಾಡಿದ ಇದ್ದಿಲೇ ಗತಿ. ಇದ್ದಿಲಿನಲ್ಲಿ ಬೂದಿ ತೀರ ಕಮ್ಮಿ, ಗಂಧಕ ಇಲ್ಲ ಅನ್ನುವಷ್ಟು. ಕಬ್ಬಿಣ ಶುದ್ಧವಾಗಿ ಬರುತ್ತದೆ. ಆದರೆ ಇದ್ದಿಲಿಗೆ ಭಾರ ಹೊರುವ ಶಕ್ತಿ ಇಲ್ಲ, ಅದಕ್ಕೇ ಇದ್ದಿಲಿನ ಫರ್ನೇಸುಗಳನ್ನು ಒಂದು ಮಿತಿಗಿಂತ ಎತ್ತರ ಕಟ್ಟೋಕಾಗಲ್ಲ.

ಈಗ ಕಾಲ ಇನ್ನೂ ಬಿಗಿಯಾಗಿದೆ. ಕೋಕ್ ದುಬಾರಿ ಅಂತ ಫರ್ನೇಸಿನ ಕೆಳಗಿನಿಂದ ಕಲ್ಲಿದ್ದಲಿನ ಪುಡಿಯನ್ನು ಗಾಳಿಯ ಜತೆ ಊದುತ್ತಾರೆ. ಒಂದು ಟನ್ ಕಬ್ಬಿಣಕ್ಕೆ 500 ಕಿಲೋಗಿಂತ ಜಾಸ್ತಿ ಬೇಕಾಗುತ್ತಿದ್ದ ಕೋಕ್ ಒಳ್ಳೆ ಫರ್ನೇಸುಗಳಲ್ಲಿ 350-400 ಕಿಲೋಗೆ ಇಳಿದಿದೆ. ಉಳಿತಾಯ ಹೌದು. ಆದರೆ ಅಷ್ಟೇ ಭಾರವನ್ನು ಈಗ ಕಮ್ಮಿ ಕೋಕ್ ಹೊರಬೇಕು, ಅದೂ ಜಾಸ್ತಿ ಹೊತ್ತು ಫರ್ನೇಸಿನೊಳಗೆ ಇದ್ದುಕೊಂಡು. ಅಂದರೆ ಕೋಕ್ ಕಮ್ಮಿ ಬಳಸಿದಷ್ಟೂ ಅದರ ಗುಣಮಟ್ಟದ ಬೇಡಿಕೆ ಏರುತ್ತದೆ.

ಆ ಗುಣಮಟ್ಟವನ್ನು ಅಳೆಯಲು ಜಪಾನಿನ ನಿಪ್ಪಾನ್ ಸ್ಟೀಲ್ ರೂಪಿಸಿದ ಪರೀಕ್ಷೆಯೇ ಇವತ್ತಿಗೂ ಮಾನದಂಡ. ಸುಮಾರು 20 ಮಿಲಿಮೀಟರ್ ಗಾತ್ರದ 200 ಗ್ರಾಂ ಕೋಕ್ ಚೂರುಗಳನ್ನು 1100 ಡಿಗ್ರಿಯಲ್ಲಿ ಎರಡು ಗಂಟೆ ಇಂಗಾಲದ ಡೈಆಕ್ಸೈಡಿನಲ್ಲಿ ಇಡುತ್ತಾರೆ. ಶೇಕಡಾ ಎಷ್ಟು ತೂಕ ಕರಗಿತು ಅನ್ನೋದು ಸಿಆರ್‌ಐ. ಉಳಿದದ್ದನ್ನು ಉಕ್ಕಿನ ಕೊಳವೆಗೆ ಹಾಕಿ 600 ಸುತ್ತು ಉರುಳಿಸಿ, 10 ಮಿಲಿಮೀಟರಿಗಿಂತ ದೊಡ್ಡದಾಗಿ ಶೇಕಡಾ ಎಷ್ಟು ಉಳಿಯಿತು ನೋಡಿದರೆ ಅದು ಸಿಎಸ್‌ಆರ್. ದೊಡ್ಡ ಫರ್ನೇಸಿನವರು ಸಿಎಸ್‌ಆರ್ 60-65ಕ್ಕಿಂತ ಮೇಲೆ, ಸಿಆರ್‌ಐ 25ರ ಆಸುಪಾಸಿನಲ್ಲಿ ಅಥವಾ ಕೆಳಗೆ ಕೇಳುತ್ತಾರೆ.

ಇನ್ನು ಬೆರೆಸುವ ಕೆಲಸಕ್ಕೆ ಬರೋಣ. ಕೋಕ್ ಓವನ್ನಿನಲ್ಲಿ ಕಲ್ಲಿದ್ದಲನ್ನು ಗಾಳಿ ಆಡದಂತೆ ಮುಚ್ಚಿ 1000-1100 ಡಿಗ್ರಿಯವರೆಗೆ ಕಾಯಿಸುತ್ತಾರೆ. 350ರಿಂದ 500 ಡಿಗ್ರಿಯ ನಡುವೆ ಎಲ್ಲೋ ಒಳ್ಳೆ ಕೋಕಿಂಗ್ ಕಲ್ಲಿದ್ದಲು ಮೆತ್ತಗಾಗುತ್ತದೆ, ಗೊಜ್ಜಾಗಿ ಉಬ್ಬುತ್ತದೆ, ಆಮೇಲೆ ಮತ್ತೆ ಗಟ್ಟಿಯಾಗುತ್ತದೆ. ಆ ಹೊತ್ತಿನಲ್ಲಿ ಕಾಳುಗಳು ಒಂದಕ್ಕೊಂದು ಅಂಟಿಕೊಂಡರೆ ಕೋಕ್, ಇಲ್ಲದಿದ್ದರೆ ಸುಟ್ಟ ಪುಡಿ. ಥರ್ಮಲ್ ಪವರ್ ಸ್ಟೇಷನ್ನಿಗೆ ಹೋಗುವ ಸಾಮಾನ್ಯ ಕಲ್ಲಿದ್ದಲು ಎಷ್ಟು ಕಾಯಿಸಿದರೂ ಮೆತ್ತಗಾಗಲ್ಲ. ಸೆಮಿ ಸಾಫ್ಟ್ ಅಂತ ಕರೆಯುವ ನಡುದರ್ಜೆಯ ಕಲ್ಲಿದ್ದಲು ಮೆತ್ತಗಾಗುತ್ತದೆ, ಆದರೆ ಅದರಲ್ಲಿ ಅನಿಲದ ಅಂಶ (ಕಾಯಿಸಿದಾಗ ಅನಿಲವಾಗಿ ಹೊರಟುಹೋಗುವ ಭಾಗ) ಜಾಸ್ತಿ ಇರುವುದರಿಂದ ಆಮೇಲೆ ಕುಗ್ಗಿ ಬಿರುಕು ಬಿಡುತ್ತದೆ. ಅನಿಲ ಕಮ್ಮಿ ಇರುವ ಕಲ್ಲಿದ್ದಲಿನಲ್ಲಿ ಇಂಗಾಲ ಜಾಸ್ತಿ, ಕೋಕ್ ಚೆನ್ನಾಗಿ ಉಳಿಯುತ್ತದೆ. ಆದರೆ ಉಬ್ಬಿ ಓವನ್ನಿನ ಗೋಡೆಯನ್ನೇ ತಳ್ಳುತ್ತದೆ.

ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಹೆಂಚು, ಇಟ್ಟಿಗೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರೀ ಜೇಡಿಯಲ್ಲಿ ಮಾಡಿದ ಹೆಂಚು ಒಣಗುವಾಗ ಸೀಳುತ್ತದೆ, ಬರೀ ಮರಳುಮಣ್ಣು ಕೈಯಲ್ಲೇ ನಿಲ್ಲಲ್ಲ, ಎರಡನ್ನೂ ಹದವಾಗಿ ಕಲಸಿದರೆ ಮಾತ್ರ ಕೆಲಸ. ಕೋಕಿನಲ್ಲೂ ಒಂದಿಷ್ಟು ಅಂಟುವ ಕಲ್ಲಿದ್ದಲು, ಒಂದಿಷ್ಟು ಅಂಟದ, ಕುಗ್ಗದ ಕಾಳು ಬೇಕು. ಅಂಟದ ಕಾಳು ಒಂದು ಮಿತಿಯೊಳಗಿದ್ದರೆ ಬಿರುಕು ತಡೆಯುತ್ತದೆ. ಮಿತಿ ದಾಟಿದರೆ ಅದೇ ಒಡೆಯುವ ಜಾಗವಾಗುತ್ತದೆ.

ಇಲ್ಲಿಯವರೆಗೆ ಸುಲಭ. ಹೊಸಬರು ಮುಗ್ಗರಿಸುವುದು ಇದರ ಮುಂದೆ.

ಕಲ್ಲಿದ್ದಲಿನ ಕೆಲವು ಗುಣಗಳು ಸರಾಸರಿಗೆ ಬಗ್ಗುತ್ತವೆ. ಬೂದಿ, ಗಂಧಕ, ರಂಜಕ, ಅನಿಲದ ಅಂಶ, ಇವೆಲ್ಲ ತೂಕದ ಲೆಕ್ಕದಲ್ಲಿ ಕೂಡಿಕೊಳ್ಳುತ್ತವೆ. ಅರ್ಧ ಇದು, ಅರ್ಧ ಅದು ಹಾಕಿದರೆ ನಡುವಿನ ಅಂಕಿ ಬರುತ್ತದೆ. ಆದರೆ ಸಿಎಸ್‌ಆರ್ ಹಾಗಲ್ಲ. 70 ಬರುವ ಕಲ್ಲಿದ್ದಲು ಅರ್ಧ, 50 ಬರುವುದು ಅರ್ಧ ಹಾಕಿದರೆ 60 ಬರುತ್ತದೆ ಅಂತ ಯಾರೂ ಬರೆದುಕೊಡಲ್ಲ. ಅದಕ್ಕಿಂತ ಚೆನ್ನಾಗಿಯೂ ಬರಬಹುದು, ಕೆಟ್ಟದಾಗಿಯೂ ಬರಬಹುದು. ಮೆತ್ತಗಾದಾಗ ಎಷ್ಟು ಹರಿಯುತ್ತದೆ ಅನ್ನುವ ಗುಣವೂ ಅಷ್ಟೇ, ನೇರ ಸರಾಸರಿಗೆ ಸಿಗಲ್ಲ.

ಒಂದು ಉದಾಹರಣೆ ನೋಡಿ. ಕಲ್ಲಿದ್ದಲು ಭೂಮಿಯಲ್ಲಿ ಎಷ್ಟು ಮಾಗಿದೆ ಅನ್ನೋದನ್ನು ಅದರೊಳಗಿನ ವಿಟ್ರಿನೈಟ್ ಎಂಬ ಭಾಗ ಬೆಳಕನ್ನು ಎಷ್ಟು ಪ್ರತಿಫಲಿಸುತ್ತದೆ ಎಂಬುದರಿಂದ ಅಳೆಯುತ್ತಾರೆ. ಒಳ್ಳೆ ಕೋಕಿಗೆ ಬೆರಕೆಯ ಸರಾಸರಿ ಸುಮಾರು ಶೇ. 1.1ರಿಂದ 1.3ರ ನಡುವೆ ಇದ್ದರೆ ಅನುಕೂಲ. ಈಗ ಯಾರೋ ಜಾಣರು 0.75 ಇರುವ ಎಳೆ ಕಲ್ಲಿದ್ದಲು ಅರ್ಧ, 1.6 ಇರುವ ಬಲಿತ ಕಲ್ಲಿದ್ದಲು ಅರ್ಧ ಬೆರೆಸುತ್ತಾರೆ ಅಂದುಕೊಳ್ಳಿ. ಸರಾಸರಿ 1.17 ಮತ್ತು ಚಿಲ್ಲರೆ. ಕಾಗದದ ಮೇಲೆ ಅಪ್ಪಟ ಒಂದನೇ ದರ್ಜೆ. ಓವನ್ನಿನಲ್ಲಿ ಆಗುವುದೇ ಬೇರೆ. ಎಳೆಯದು ಬೇಗ ಮೆತ್ತಗಾಗಿ, ಬಲಿತದ್ದು ಸರಿಯಾಗಿ ಮೆತ್ತಗಾಗುವ ಹೊತ್ತಿಗೆ ತಾನು ಗಟ್ಟಿಯಾಗಿಬಿಟ್ಟಿರುತ್ತದೆ. ಎರಡೂ ಒಂದೇ ಹೊತ್ತಿನಲ್ಲಿ ಮೆತ್ತಗೆ ಇರುವುದೇ ಇಲ್ಲ. ಅಂದಮೇಲೆ ಅಂಟಿಕೊಳ್ಳುವುದು ಎಲ್ಲಿ? ನಡುವಿನ ಕಲ್ಲಿದ್ದಲೊಂದನ್ನು ಸೇರಿಸಿದರೆ ಅದು ಇಬ್ಬರನ್ನೂ ಹಿಡಿದುಕೊಳ್ಳುತ್ತದೆ. ಅನುಭವ ಇರುವ ಕೋಕ್ ಇಂಜಿನಿಯರ್ ಸರಾಸರಿ ಅಂಕಿಯನ್ನಷ್ಟೇ ನೋಡದೆ ಆ ಅಂಕಿ ಯಾವ ಯಾವ ತುಂಡುಗಳಿಂದ ಕೂಡಿ ಬಂತು ಅನ್ನುವ ನಕ್ಷೆಯನ್ನು ಕೇಳುವುದು ಇದಕ್ಕೇ. ಹಡಗಿನಲ್ಲಿ ಬಂದ ಸರಕಿನಲ್ಲೇ ಯಾರಾದರೂ ಎರಡು ಗಣಿಯ ಮಾಲು ಬೆರೆಸಿದ್ದರೂ ಆ ನಕ್ಷೆಯಲ್ಲಿ ಎರಡು ಗುಡ್ಡ ಎದ್ದು ಸಿಕ್ಕಿಬೀಳುತ್ತದೆ.

ಇನ್ನೊಂದು ವಿಷಯ, ಕಲ್ಲಿದ್ದಲು ಸುಮ್ನೆ ಬಿದ್ದಿದ್ದರೂ ಕೆಡುತ್ತದೆ. ಗಾಳಿಗೆ ಒಡ್ಡಿಕೊಂಡು ಯಾರ್ಡಿನಲ್ಲಿ ತಿಂಗಳುಗಟ್ಟಲೆ ಕೂತರೆ ಅಂಟುವ ಗುಣ ಇಳಿಯುತ್ತದೆ, ಅದರಲ್ಲೂ ಅನಿಲ ಜಾಸ್ತಿ ಇರುವ ಕಲ್ಲಿದ್ದಲು ಬೇಗ ಕೆಡುತ್ತದೆ. ಬಂದರಿನ ಸರ್ಟಿಫಿಕೇಟ್ ನೋಡಿ ಹಾಕಿದ ಲೆಕ್ಕ ಓವನ್ನಿನ ಬಾಗಿಲಲ್ಲಿ ಸುಳ್ಳಾಗುವುದು ಹೀಗೆ.

ಕೆಳದರ್ಜೆಯ ಕಲ್ಲಿದ್ದಲಿನ ಪಾಲು ಹೆಚ್ಚಿಸಲು ಇರುವ ಉಪಾಯಗಳಲ್ಲಿ ಭಾರತಕ್ಕೆ ತುಂಬ ಒಗ್ಗಿದ್ದು ಸ್ಟಾಂಪ್ ಚಾರ್ಜಿಂಗ್. ಕಲ್ಲಿದ್ದಲಿನ ಪುಡಿಯನ್ನು ಮೇಲಿನಿಂದ ಸುರಿಯುವ ಬದಲು ಮೊದಲೇ ಕುಟ್ಟಿ ದೊಡ್ಡ ಅಚ್ಚು ಮಾಡಿ ಪಕ್ಕದಿಂದ ಓವನ್ನಿಗೆ ನೂಕುತ್ತಾರೆ. ಸುರಿದಾಗ ಒಂದು ಘನ ಮೀಟರಿನಲ್ಲಿ ಸುಮಾರು 750 ಕಿಲೋ ಹಿಡಿಯುವ ಕಲ್ಲಿದ್ದಲು ಕುಟ್ಟಿದಾಗ 1000 ಕಿಲೋ ದಾಟುತ್ತದೆ. ಕಾಳುಗಳು ಮೊದಲೇ ಒತ್ತಿಕೊಂಡಿರುವುದರಿಂದ ಕಮ್ಮಿ ಅಂಟಿನಲ್ಲೂ ಕೂಡಿಕೊಳ್ಳುತ್ತವೆ. ಜಮ್‌ಶೆಡ್‌ಪುರದಲ್ಲಿ ಟಾಟಾ ಸ್ಟೀಲ್ 1980ರ ದಶಕದ ಕೊನೆಯಲ್ಲೇ ಇದನ್ನು ತಂದಿತು. ಅಚ್ಚು ನಿಲ್ಲಬೇಕಾದರೆ ತೇವಾಂಶ ಶೇ. 8ರಿಂದ 11ರ ನಡುವೆ ಇರಬೇಕು, ಆ ನೀರನ್ನೆಲ್ಲ ಆವಿ ಮಾಡಲು ಮತ್ತೆ ಶಾಖ ಬೇಕು. ಜತೆಗೆ ಜೋರಾಗಿ ಉಬ್ಬುವ ಕಲ್ಲಿದ್ದಲನ್ನು ಹೀಗೆ ಕುಟ್ಟಿ ತುಂಬಿದರೆ ಗೋಡೆಗೆ ಅಪಾಯ. ಪುಡಿ ಮಾಡುವುದರಲ್ಲೂ ವಿದ್ಯೆ ಇದೆ. ಅಂಟದ ಗಟ್ಟಿ ಕಲ್ಲಿದ್ದಲನ್ನು ನುಣ್ಣಗೆ, ಅಂಟುವುದನ್ನು ಸ್ವಲ್ಪ ದಪ್ಪಗೆ ಅರೆಯಬೇಕು. ಡಾಂಬರಿನಂಥ ಪಿಚ್ ಸೇರಿಸುವುದು, ಸ್ವಲ್ಪ ಭಾಗವನ್ನು ಉಂಡೆ ಕಟ್ಟಿ ಹಾಕುವುದು, ಮೊದಲೇ ಒಣಗಿಸಿ ಹಾಕುವುದು, ಇವನ್ನೆಲ್ಲ ಜಪಾನಿನವರು ಚೆನ್ನಾಗಿ ಬಳಸಿದ್ದಾರೆ.

ಕೋಕಿನ ಗೊಡವೆಯೇ ಬೇಡ ಅಂತ ಹೊರಟವರೂ ಇದ್ದಾರೆ. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆ 1999ರಲ್ಲಿ ಕೋರೆಕ್ಸ್ ವಿಧಾನದಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದಾಗ, ಕೋಕಿಂಗ್ ಅಲ್ಲದ ಕಲ್ಲಿದ್ದಲಿನಲ್ಲೇ ಕೆಲಸ ಆಗುತ್ತದೆ ಅನ್ನೋದೇ ಅದರ ಹೆಗ್ಗಳಿಕೆ ಆಗಿತ್ತು. ಅದಕ್ಕೂ ಸ್ವಲ್ಪ ಕೋಕ್ ಬೇಕೇ ಆಯಿತು. ಕಾರ್ಖಾನೆ ಬೆಳೆದದ್ದು ಆಮೇಲೆ ಕಟ್ಟಿದ ಬ್ಲಾಸ್ಟ್ ಫರ್ನೇಸ್, ಕೋಕ್ ಓವನ್‌ಗಳಿಂದ. ಕೋಕಿನ ಬದಲು ಹೈಡ್ರೋಜನ್ ಬಳಸಿ ಮಾಡುವ ಉಕ್ಕಿನ ಸುದ್ದಿ ಓದಿ ಕೋಕಿನ ಕಾಲ ಮುಗಿಯಿತು ಅನ್ನುವವರು ಈ ಉದಾಹರಣೆಯನ್ನು ನೆನಪಿಟ್ಟುಕೊಳ್ಳಬಹುದು.

ಈಗ ಬೂದಿ. ಮೇಲೆ ಹೇಳಿದ ಎಲ್ಲ ಉಪಾಯಗಳೂ ಅಂಟನ್ನು ಸರಿಮಾಡುತ್ತವೆ. ಬೂದಿಯನ್ನು ಒಂದು ಗ್ರಾಂ ಕೂಡ ಕಮ್ಮಿ ಮಾಡಲ್ಲ. ಓವನ್ನಿನಲ್ಲಿ ಅನಿಲ ಹೊರಟುಹೋಗುತ್ತದೆ, ಬೂದಿ ಅಲ್ಲೇ ಉಳಿದು ಇನ್ನೂ ದಟ್ಟವಾಗುತ್ತದೆ. ಲೆಕ್ಕ ಹಾಕಿ ನೋಡೋಣ. ಆಮದಿನ ಒಳ್ಳೆ ಕಲ್ಲಿದ್ದಲು ಶೇ. 35, ಬೂದಿ 9.5. ಆಮದಿನ ಸೆಮಿ ಸಾಫ್ಟ್ ಶೇ. 40, ಬೂದಿ 9. ನಮ್ಮದೇ, ಮಣ್ಣಿನಂಶ ತೆಗೆಯಲು ತೊಳೆದ ಕಲ್ಲಿದ್ದಲು ಶೇ. 25, ಬೂದಿ 18. ಬೆರಕೆಯ ಬೂದಿ ಶೇ. 11.4. ನೂರು ಕಿಲೋ ಕಲ್ಲಿದ್ದಲಿಗೆ 75 ಕಿಲೋ ಕೋಕ್ ಬಂತು ಅಂದರೆ ಕೋಕಿನ ಬೂದಿ ಶೇ. 15.2. ಪರವಾಗಿಲ್ಲ. ಈಗ ಆ ನಮ್ಮ ಕಾಲು ಭಾಗವನ್ನು ಸರಿಯಾಗಿ ತೊಳೆಯದೆ, ಬೂದಿ 28 ಇರುವಾಗಲೇ ಹಾಕಿ. ಕೋಕಿನ ಬೂದಿ ಶೇ. 18.6ಕ್ಕೆ ಏರುತ್ತದೆ. ಶೇ. 18ಕ್ಕಿಂತ ಕಮ್ಮಿ ಇದ್ದರೆ ಮಾತ್ರ ಸರ್ಕಾರದ ಆಮದು ನಿಯಮದಲ್ಲಿ ಅದು ಲೋ ಆ್ಯಶ್ ಮೆಟ್ ಕೋಕ್, ಅಂದರೆ ಕಬ್ಬಿಣ ತೆಗೆಯಲು ಬಳಸುವ ಕಮ್ಮಿ ಬೂದಿಯ ಕೋಕ್. ಬರೀ ಕಾಲು ಭಾಗ ಇಡೀ ಕೋಕನ್ನು ಆ ಗೆರೆಯಾಚೆ ತಳ್ಳಿಬಿಟ್ಟಿತು. ಆ ಬೂದಿಗೆ ಫರ್ನೇಸಿನಲ್ಲಿ ಮತ್ತೆ ಸುಣ್ಣಕಲ್ಲು ಹಾಕಬೇಕು, ಎರಡೂ ಸೇರಿ ಕಿಟ್ಟವಾಗುತ್ತದೆ, ಆ ಕಿಟ್ಟವನ್ನು ಕರಗಿಸಲು ಮತ್ತೆ ಕೋಕ್ ಸುಡಬೇಕು.

ಅದಕ್ಕೇ ನಾನು ಹೇಳುವುದು, ಭಾರತದ ಸಮಸ್ಯೆ ಓವನ್ನಿನದಲ್ಲ, ಕಲ್ಲಿದ್ದಲು ತೊಳೆಯುವ ವಾಷರಿಯದ್ದು. ಕೋಕಿಂಗ್ ಕಲ್ಲಿದ್ದಲು ನಮ್ಮಲ್ಲಿ ಇಲ್ಲ ಅಂತಲ್ಲ. ಜಾರ್ಖಂಡಿನ ಝರಿಯಾ ಸುತ್ತಮುತ್ತ ಇದೆ. 2023-24ರಲ್ಲಿ ದೇಶದಲ್ಲಿ ತೆಗೆದ ಕೋಕಿಂಗ್ ಕಲ್ಲಿದ್ದಲು ಸುಮಾರು 6.7 ಕೋಟಿ ಟನ್. ಅದೇ ವರ್ಷ ಆಮದು ಮಾಡಿಕೊಂಡದ್ದು ಸುಮಾರು 5.8 ಕೋಟಿ ಟನ್. ಇಷ್ಟು ತೆಗೆದೂ ಯಾಕೆ ಆಮದು ಅಂದರೆ, ತೆಗೆದದ್ದರಲ್ಲಿ ಬಹುಪಾಲು ತೊಳೆಯಲು ಆಗದೆ ಥರ್ಮಲ್ ಪವರ್ ಸ್ಟೇಷನ್ನಿಗೆ ಹೋಗಿ ಉರಿಯುತ್ತದೆ. ಕೋಕಿಂಗ್ ಕಲ್ಲಿದ್ದಲನ್ನು ಕರೆಂಟಿಗೆ ಸುಡುವುದು ನನಗಂತೂ ಹೊಟ್ಟೆ ಉರಿಸುವ ವಿಷಯ. ಆದರೆ ಬರೀ ಬೈದರೆ ಆಗಲ್ಲ, ಕಾರಣವೂ ಇದೆ. ನಮ್ಮ ಕಲ್ಲಿದ್ದಲಿನಲ್ಲಿ ಮಣ್ಣಿನಂಶ ಪದರ ಪದರವಾಗಿ ಬೇರೆ ಕೂತಿಲ್ಲ, ಸಣ್ಣ ಕಣಗಳಾಗಿ ಕಲ್ಲಿದ್ದಲಿನ ಒಳಗೇ ಸೇರಿಕೊಂಡಿದೆ. ಬೂದಿ 18ಕ್ಕೆ ಇಳಿಸಬೇಕಾದರೆ ನುಣ್ಣಗೆ ಒಡೆಯಬೇಕು, ಹಾಗೆ ಮಾಡಿದರೂ ಅರ್ಧಕ್ಕರ್ಧ ಕಲ್ಲಿದ್ದಲು ಕೆಳದರ್ಜೆಯಾಗಿ ಹೊರಗೆ ಹೋಗುತ್ತದೆ. ಅದರ ಮೇಲೆ, ಅಂಟದ ಇನರ್ಟಿನೈಟ್ ಎಂಬ ಭಾಗ ನಮ್ಮ ಕಲ್ಲಿದ್ದಲಿನಲ್ಲಿ ಮೊದಲೇ ಜಾಸ್ತಿ.

ಕೇಂದ್ರ ಸರ್ಕಾರದ ಕೋಕಿಂಗ್ ಕೋಲ್ ಮಿಷನ್ 2029-30ರ ಹೊತ್ತಿಗೆ 14 ಕೋಟಿ ಟನ್ ತೆಗೆಯುವ ಗುರಿ ಇಟ್ಟುಕೊಂಡಿದೆ. 2017ರ ಉಕ್ಕು ನೀತಿ ಆಮದಿನ ಅವಲಂಬನೆಯನ್ನು ಶೇ. 85ರಿಂದ 65ಕ್ಕೆ ಇಳಿಸುವ ಮಾತಾಡಿತ್ತು. ಅಗೆಯುವ ಅಂಕಿ ನೋಡಿ ಖುಷಿಪಡುವ ಮೊದಲು ತೊಳೆದು ಸ್ಟೀಲ್ ಕಾರ್ಖಾನೆಗೆ ಕಳಿಸಿದ್ದೆಷ್ಟು ಅನ್ನುವ ಅಂಕಿ ಕೇಳಬೇಕು. ಬೆರಕೆಗೆ ಬರುವುದು ಅದೊಂದೇ.

ಇದರ ನಡುವೆ ಸರ್ಕಾರ ಇನ್ನೊಂದು ಕಡೆಯಿಂದ ಕೈಹಾಕಿತು. 2025ರ ಜನವರಿ 1ರಿಂದ ಲೋ ಆ್ಯಶ್ ಮೆಟ್ ಕೋಕ್ ಆಮದಿಗೆ ದೇಶವಾರು ಮಿತಿ ಬಂತು. ಆರು ತಿಂಗಳಿಗೆ ಒಟ್ಟು ಸುಮಾರು 14 ಲಕ್ಷ ಟನ್. ಜೂನ್ ಮುಗಿಯುವಾಗ ಅದನ್ನು ವರ್ಷದ ಕೊನೆಯವರೆಗೆ ಮುಂದುವರಿಸಿದರು. ಅಗ್ಗದ ಆಮದಿನಿಂದ ದೇಶದ ಕೋಕ್ ತಯಾರಕರಿಗೆ ಪೆಟ್ಟು ಬಿದ್ದಿದೆ ಅನ್ನೋದು ಕಾರಣ. ದೊಡ್ಡ ಸ್ಟೀಲ್ ಕಂಪನಿಗಳು, ನಮಗೆ ಬೇಕಾದ ಗುಣಮಟ್ಟ ಇಲ್ಲಿ ಸಿಗಲ್ಲ ಅಂತ ತಕರಾರು ತೆಗೆದವು. ಇಬ್ಬರ ಮಾತಲ್ಲೂ ಸ್ವಲ್ಪ ನಿಜ ಇದೆ. ಆದರೆ ಇಲ್ಲಿ ಕೋಕ್ ಮಾಡಿ ಮಾರುವವರಲ್ಲಿ ಹೆಚ್ಚಿನವರು ಕಲ್ಲಿದ್ದಲನ್ನು ತರಿಸುವುದೂ ಹೊರಗಿನಿಂದಲೇ ಅಲ್ವಾ? ಕೋಕಿನ ಆಮದು ತಡೆದರೆ ಕಲ್ಲಿದ್ದಲಿನ ಆಮದು ಏರುತ್ತದೆ. ಓವನ್ನಿನ ಕೆಲಸ, ಅದರ ಕೂಲಿ, ಲಾಭ ಇಲ್ಲಿ ಉಳಿಯುತ್ತದೆ, ಅದು ಸಣ್ಣ ವಿಷಯವಲ್ಲ. ಹೊರದೇಶದ ಗಣಿಯ ಮೇಲಿನ ಅವಲಂಬನೆ ಮಾತ್ರ ಇದ್ದಲ್ಲೇ ಇರುತ್ತದೆ. ಆತ್ಮನಿರ್ಭರ ಅಂತ ಬೋರ್ಡು ಹಾಕುವ ಮುಂಚೆ ಇದನ್ನು ಯೋಚಿಸಬೇಕಿತ್ತು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ದೊಡ್ಡ ಬ್ಲಾಸ್ಟ್ ಫರ್ನೇಸ್ ಇಲ್ಲ. ಇಲ್ಲಿನವರಿಗೆ ಈ ಕೋಕ್ ತಟ್ಟುವುದು ಎರಕದ ಕೆಲಸದಲ್ಲಿ. ಕ್ಯುಪೋಲಾ (ಕೋಕ್ ಸುಟ್ಟು ಕಬ್ಬಿಣ ಕರಗಿಸುವ ಕುಲುಮೆ) ಉರಿಸಿ ಬೀಡು ಎರಕ ಹೊಯ್ಯುವ ಸಣ್ಣ ಫೌಂಡ್ರಿಗಳಿಗೆ ಹಾರ್ಡ್ ಕೋಕ್ ದರವೇ ಜೀವಾಳ. ಕರೆಂಟಿನ ಇಂಡಕ್ಷನ್ ಫರ್ನೇಸಿಗೆ ಹೋದವರು ಬಚಾವ್. ಉಳಿದವರಿಗೆ ಬೇಕಾದ ಕೋಕ್ ಬ್ಲಾಸ್ಟ್ ಫರ್ನೇಸಿನದ್ದಕ್ಕಿಂತ ಬೇರೆ ಥರದ್ದು. ದಪ್ಪ ತುಂಡು ಬೇಕು, ಗಂಧಕ ಕಮ್ಮಿ ಇರಬೇಕು, ಯಾಕೆಂದರೆ ಆ ಗಂಧಕ ನೇರವಾಗಿ ಎರಕಕ್ಕೆ ಇಳಿಯುತ್ತದೆ. ಇಂಥ ದಪ್ಪ ಕೋಕ್ ಮಾಡುವವರು ಬೇಕಂತಲೇ ಅಂಟದ ಆಂಥ್ರಸೈಟ್ ಕಲ್ಲಿದ್ದಲು ಅಥವಾ ಕೋಕಿನ ಪುಡಿ ಬೆರೆಸಿ, ನಿಧಾನವಾಗಿ ಬೇಯಿಸಿ ಬಿರುಕು ತಪ್ಪಿಸುತ್ತಾರೆ. ಹಾಗಾಗಿ ಬೆರಕೆ ಅಂದ ತಕ್ಷಣ ಮೂಗು ಮುರಿಯುವ ಅಗತ್ಯ ಇಲ್ಲ.

ಬೆಲೆ ನೋಡುವಾಗ ಮಾತ್ರ ಟನ್ನಿನ ದರ ನೋಡಬೇಡಿ, ಇಂಗಾಲದ ದರ ನೋಡಿ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳೋಣ, ಬೂದಿ ಶೇ. 12 ಇರುವ ಕೋಕ್ ಟನ್ನಿಗೆ 30,000 ರೂಪಾಯಿ, ಬೂದಿ 18 ಇರುವುದು 28,500. ಅನಿಲದ ಅಂಶ ಎರಡರಲ್ಲೂ ಶೇ. 1. ಮೊದಲನೆಯದರಲ್ಲಿ ಇಂಗಾಲ ಶೇ. 87, ಎರಡನೆಯದರಲ್ಲಿ 81. ಒಂದು ಟನ್ ಇಂಗಾಲಕ್ಕೆ ಮೊದಲನೆಯದು ಸುಮಾರು 34,480, ಎರಡನೆಯದು 35,185. ಟನ್ನಿಗೆ 1,500 ಉಳಿಸಿದೆ ಅಂದುಕೊಂಡವರು ನಿಜವಾಗಿ ಇಂಗಾಲದ ಟನ್ನಿಗೆ 700 ಜಾಸ್ತಿ ಕೊಟ್ಟರು. ಮೇಲಿನ ಸುಣ್ಣಕಲ್ಲು, ಕಿಟ್ಟ ಎತ್ತಿಹಾಕುವ ಕೂಲಿ ಬೇರೆ.

ನೀರಿನ ವಿಷಯವನ್ನೂ ಬಿಡಬೇಡಿ. ಓವನ್ನಿನಿಂದ ಕೆಂಪಗೆ ಹೊರಬಂದ ಕೋಕನ್ನು ಹೆಚ್ಚಿನ ಕಡೆ ನೀರು ಹೊಯ್ದೇ ಆರಿಸುವುದು, ಅದರ ಮೇಲೆ ದಾರಿಯಲ್ಲಿ ಮಳೆ. ತೇವ ಶೇ. 8 ಇದ್ದರೆ 10 ಟನ್ ಲೋಡಿನಲ್ಲಿ 800 ಕಿಲೋ ನೀರಿಗೆ ದುಡ್ಡು ಕೊಟ್ಟಂತೆ. ಟೆಸ್ಟ್ ರಿಪೋರ್ಟಿನಲ್ಲಿ ಬೂದಿಯನ್ನು ಒಣ ಕೋಕಿನ ಲೆಕ್ಕದಲ್ಲಿ ಬರೆದಿರುತ್ತಾರೆ, ಬಿಲ್ಲು ಮಾತ್ರ ಒದ್ದೆ ತೂಕಕ್ಕೆ. ಆರ್ಡರ್ ಕೊಡುವಾಗಲೇ ತೇವಕ್ಕೆ ಒಂದು ಮಿತಿ ಬರೆಸಿ, ಅದಕ್ಕಿಂತ ಜಾಸ್ತಿ ಬಂದರೆ ತೂಕ ಕಡಿಯುವ ಷರತ್ತು ಹಾಕಿ, ಸ್ಯಾಂಪಲ್ಲನ್ನು ಲೋಡಿನ ಮೇಲಿನಿಂದಷ್ಟೇ ತೆಗೆಯದೆ ನಡುವಿನಿಂದಲೂ ತಳದಿಂದಲೂ ತೆಗೆಸಿ.